ಪುಸ್ತಕದ ಮಾತಾಡಲು ಯಾರ ಅಪ್ಪಣೆ ಬೇಕು?

ಪುಸ್ತಕಗಳ ವಿಷಯದಲ್ಲಿ ಅಭಿಪ್ರಾಯ ಹೇಳುವ ಅಧಿಕಾರ ವಿದ್ವಾಂಸರಿಗೆ ಮಾತ್ರ ಸೇರಿದ್ದು ಎಂಬ ನಂಬಿಕೆಯೊಂದು ನಮ್ಮಲ್ಲಿ ಬಹಳ ಕಾಲದಿಂದ ಬೇರೂರಿಕೊಂಡಿದೆ. ಗಿರಣಿಯಲ್ಲಿ ಎಂಟು ಗಂಟೆ ನಿಂತು ದುಡಿದವನು, ತಕ್ಕಡಿ ಹಿಡಿದು ಬೇಳೆ ತೂಗುವವನು ಕಾದಂಬರಿ ಓದಬಹುದಂತೆ. ಕಾಸು ಕೊಟ್ಟು ಕೊಳ್ಳಲೂಬಹುದಂತೆ. ಆದರೆ ಓದಿದ್ದು ಹೇಗಿತ್ತೆಂದು ಬಾಯಿ ಬಿಡಕೂಡದಂತೆ! ಬಾಯಿ ಬಿಟ್ಟನೋ, "ನಿನಗೆ ಧ್ವನಿ ಗೊತ್ತೆ? ಔಚಿತ್ಯ ಗೊತ್ತೆ? ಪ್ರತಿಮೆ ಎಂದರೇನು ಬಲ್ಲೆಯಾ?" ಎಂದು ಪ್ರಶ್ನೆಗಳ ಮಳೆ. ಸ್ವಾಮಿ, ಇವು ನಮಗೆ ಗೊತ್ತಿಲ್ಲದಿರಬಹುದು. ಸಾಲ ಎಂದರೇನೆಂದು ಗೊತ್ತು. ಕೂಲಿ ಹಿಡಿದುಕೊಂಡರೆ ಮನೆಯಲ್ಲಿ ಏನಾಗುತ್ತದೆಂದು ಗೊತ್ತು. ಉದ್ರಿ ವಸೂಲಾಗದ ತಿಂಗಳು ಅಂಗಡಿಯವನ ಮುಖ ಹೇಗಿರುತ್ತದೆಂದು ಗೊತ್ತು. ನಿಮ್ಮ ಕಾದಂಬರಿಗಳಲ್ಲಿ ಅರ್ಧ ಪಾಲು ಇವುಗಳದೇ ಕಥೆ ತಾನೆ? ಹಾಗಾದರೆ ಆ ಅರ್ಧದ ಮಟ್ಟಿಗಾದರೂ ಪರೀಕ್ಷಕರು ನಾವೇ.

ನನ್ನ ವಿದ್ಯೆ ಮೆಟ್ರಿಕ್‌ವರೆಗೆ. ಕೆಲವು ವರ್ಷ ಹುಡುಗರಿಗೆ ಕಾಗುಣಿತ, ಮಗ್ಗಿ ಹೇಳಿಕೊಟ್ಟು ಈಗ ಸಂಘಟನೆಯ ಕೆಲಸಕ್ಕೆ ಇಳಿದಿದ್ದೇನೆ. ಕಳೆದ ಮಳೆಗಾಲದಲ್ಲಿ, ರಾತ್ರಿ ಸಭೆಗಳು ನಿಂತುಹೋದ ದಿನಗಳಲ್ಲಿ, ಕೈಗೆ ಸಿಕ್ಕ ನಾಲ್ಕೈದು ಪುಸ್ತಕ ಓದಿದೆ. ಯಾರ ಅಪ್ಪಣೆಯನ್ನೂ ಕೇಳದೆ ನನಗೆ ಕಂಡದ್ದನ್ನು ಇಲ್ಲಿ ಬರೆಯುತ್ತೇನೆ.

ಮೊದಲನೆಯದು ಅಮೆರಿಕದ ಸರಕು. ರಾಬರ್ಟ್ ಕಿಯೊಸಾಕಿ ಎಂಬ ಮಹಾಶಯರು 1997ರಲ್ಲಿ ಹೊರತಂದ 'ರಿಚ್ ಡ್ಯಾಡ್ ಪೂರ್ ಡ್ಯಾಡ್'. ಮಾರುಕಟ್ಟೆ ಬೀದಿಯ ಕಿರಾಣಿ ಅಂಗಡಿ ಯಜಮಾನರೊಬ್ಬರು ನನಗೆ ಕೊಟ್ಟದ್ದು. "ಮೇಷ್ಟ್ರೇ, ನೀವು ಬರೀ ಬಡತನದ್ದೇ ಓದ್ತೀರಿ. ಇದನ್ನೊಂದ್ಸಲ ಓದಿ, ಆಮೇಲೆ ಮಾತಾಡಾಣ" ಎಂದರು. ಓದಿದೆ. ಈಗ ಮಾತಾಡುತ್ತೇನೆ.

ಅದರಲ್ಲಿ ಇಬ್ಬರು ತಂದೆಯರು. ಲೇಖಕರ ಸ್ವಂತ ತಂದೆ ಹವಾಯಿಯ ವಿದ್ಯಾ ಇಲಾಖೆಯ ದೊಡ್ಡ ಹುದ್ದೆಯವರು; ಓದಿದವರು, ಸಂಬಳದವರು, ಆದಕಾರಣ "ಬಡ ತಂದೆ". ಗೆಳೆಯ ಮೈಕನ ತಂದೆ ಎಂಟನೆಯ ತರಗತಿಯನ್ನೂ ಮುಗಿಸದೆ ಅಂಗಡಿ, ವ್ಯವಹಾರ ಬೆಳೆಸಿದವರು, ಆದಕಾರಣ "ಶ್ರೀಮಂತ ತಂದೆ". ಹುಡುಗರಿಗೆ ಪಾಠ ಕಲಿಸಿದವನು ದಡ್ಡ, ಹುಡುಗರಿಂದ ಕೆಲಸ ಮಾಡಿಸಿಕೊಂಡವನು ಜಾಣ: ಇದು ಪುಸ್ತಕದ ಬುನಾದಿ. ನಾನು ಮೇಷ್ಟರಾಗಿದ್ದವನಾದ್ದರಿಂದ ಸಿಟ್ಟಿನಿಂದ ಹೇಳುತ್ತಿದ್ದೇನೆಂದು ತಿಳಿಯಬೇಡಿ. ಒಂದು ಮಾತು ಅದರಲ್ಲಿ ಸರಿಯಾಗಿಯೇ ಇದೆ. ಕೈಗೆ ಹಣ ತರುವ ವಸ್ತು ಬೇರೆ, ಕೈಯಿಂದ ಹಣ ಎಳೆಯುವ ವಸ್ತು ಬೇರೆ, ಎರಡನ್ನೂ ಒಂದೇ ಎಂದು ತಿಳಿದು ಸಾಲ ಮಾಡಬೇಡ ಎನ್ನುತ್ತದೆ. ಕಂತಿನ ಮೇಲೆ ಮೋಟಾರ್ ಸೈಕಲ್ ತಂದು ಈಗ ಬಡ್ಡಿ ಕಟ್ಟುತ್ತಿರುವ ನಮ್ಮ ಹುಡುಗರು ಇದನ್ನು ಕೇಳಬೇಕಾದದ್ದೇ. ಆದರೆ ಇದನ್ನು ಕಲಿಯಲು ಹವಾಯಿಗೆ ಹೋಗಬೇಕಿತ್ತೆ? ನಮ್ಮ ಅಜ್ಜಿಯರೆಲ್ಲ ಇದನ್ನೇ ಹೇಳುತ್ತಿದ್ದರು, ಪುಕ್ಕಟೆಯಾಗಿ.

ಈ ಪುಸ್ತಕದಲ್ಲಿ ಒಂದು ಪ್ರಸಂಗವಿದೆ. ಅದನ್ನು ನಮ್ಮ ಓದುಗರೆಲ್ಲ ತಿಳಿಯಬೇಕು. ಒಂಬತ್ತು ವರ್ಷದ ಇಬ್ಬರು ಹುಡುಗರು ಶ್ರೀಮಂತ ತಂದೆಯ ಅಂಗಡಿಯಲ್ಲಿ ಗಂಟೆಗೆ 10 ಸೆಂಟಿನಂತೆ ದುಡಿಯುತ್ತಾರೆ. ಕೂಲಿ ಸಾಲದೆಂದು ದೂರಿದಾಗ, ಇನ್ನು ಮುಂದೆ ಪುಕ್ಕಟೆ ದುಡಿಯಿರಿ ಎನ್ನುತ್ತಾನೆ ಆತ. ಹಾಗೆ ದುಡಿದರೆ ಬುದ್ಧಿ ಚುರುಕಾಗುತ್ತದಂತೆ! ಚುರುಕಾಯಿತು ಕೂಡ. ಅಂಗಡಿಯಲ್ಲಿ ಮಾರಾಟವಾಗದೆ ಉಳಿದ ಚಿತ್ರಕಥೆಯ ಪುಸ್ತಕಗಳನ್ನು ಹುಡುಗರು ಪುಕ್ಕಟೆಯಾಗಿ ಪಡೆದು, ಒಂದು ಕೋಣೆಯಲ್ಲಿ ಪೇರಿಸಿ, "ಗ್ರಂಥಾಲಯ" ತೆರೆದರು. ಒಳಗೆ ಬಂದು ಓದುವ ಮಕ್ಕಳಿಗೆ 10 ಸೆಂಟು ಶುಲ್ಕ. ನೋಡಿಕೊಳ್ಳಲು ಮೈಕನ ತಂಗಿ. ಅವಳಿಗೆ ವಾರಕ್ಕೆ 1 ಡಾಲರು. ಹುಡುಗರಿಗೆ ಉಳಿದದ್ದು ವಾರಕ್ಕೆ ಸುಮಾರು 9 ಡಾಲರಿಗೂ ಮೇಲೆ. ದುಡಿಯದೆ ಹಣ ಹುಟ್ಟಿತು ಎಂದು ಲೇಖಕರು ಬೀಗುತ್ತಾರೆ.

ದುಡಿಯದೆ ಹುಟ್ಟಿತೆ? ತಂಗಿ ಅಲ್ಲಿ ಕುಳಿತು ಏನು ಮಾಡುತ್ತಿದ್ದಳು? ದಿನವೂ ಎರಡು ಗಂಟೆ ಬಾಗಿಲು ತೆರೆದು, ಕಾಸು ಎಣಿಸಿ, ಪುಸ್ತಕ ಜೋಡಿಸಿದವಳು ಅವಳು. ಆ ಹುಡುಗಿಗೆ ಎಷ್ಟು ಸಿಗಬೇಕಿತ್ತೆಂದು ಇಡೀ ಪುಸ್ತಕದಲ್ಲಿ ಯಾರೂ ಕೇಳುವುದಿಲ್ಲ. ನಮ್ಮ ಗಿರಣಿಯ ಬದಲಿ ಕೆಲಸಗಾರ ಈ ಪುಟ ಓದಿದ ಕೂಡಲೇ ಬೆರಳಿಟ್ಟು ತೋರಿಸುವ ಜಾಗ ಇದು. ನೂರಾರು ಭಾಷಣಗಳಲ್ಲಿ ಈ ಪುಸ್ತಕವನ್ನು ಹೊಗಳಿದ ಕೋಟಿನವರಿಗೆ ಮಾತ್ರ ಕಾಣಲಿಲ್ಲ!

ಇನ್ನೊಂದು ಸಂಗತಿಯನ್ನೂ ಅಂಗಡಿ ಯಜಮಾನರ ಗಮನಕ್ಕೆ ತರುತ್ತೇನೆ. ಈ ಲೇಖಕರ ಉಪನ್ಯಾಸಗಳನ್ನು ಏರ್ಪಡಿಸಿದ್ದ ಸಂಸ್ಥೆಯೊಂದು ತನ್ನ ಪಾಲಿಗಾಗಿ ನ್ಯಾಯಾಲಯಕ್ಕೆ ಹೋಗಿ ಗೆದ್ದಿತು. ಕೊಡಬೇಕಾದದ್ದು 2 ಕೋಟಿ ಡಾಲರಿಗೂ ಹೆಚ್ಚು ಎಂದಾಯಿತು. 2012ರಲ್ಲಿ ಅವರ ಕಂಪನಿ 'ರಿಚ್ ಗ್ಲೋಬಲ್' ದಿವಾಳಿ ಅರ್ಜಿ ಹಾಕಿತು. ದಿವಾಳಿಯಾದದ್ದು ಕಂಪನಿ, ಲೇಖಕರಲ್ಲ. ನಮ್ಮ ಬೀದಿಯ ಅಂಗಡಿಯವನು ದಿವಾಳಿಯಾದರೆ ಅಂಗಡಿ ಬೇರೆ, ಅವನು ಬೇರೆ ಎಂದು ಯಾರಾದರೂ ಬಿಡುತ್ತಾರೆಯೆ? ಹೆಂಡತಿಯ ಕಿವಿಯ ಓಲೆಯೂ ಹೋಗುತ್ತದೆ. ದೊಡ್ಡವರ ವಿದ್ಯೆ ಸಣ್ಣವರಿಗೆ ಹೊಂದುವುದಿಲ್ಲವೆಂಬುದನ್ನು ಇನ್ನೆಷ್ಟು ಬಿಡಿಸಿ ಹೇಳಬೇಕು?

ಅದನ್ನು ಮುಚ್ಚಿಟ್ಟು ಶಿವರಾಮ ಕಾರಂತರ 'ಚೋಮನ ದುಡಿ' ತೆಗೆದೆ. 1933ರ ಪುಸ್ತಕ; ತೆಳ್ಳಗಿನದು; ಎರಡು ರಾತ್ರಿಯಲ್ಲಿ ಮುಗಿಯಿತು. ಅಲ್ಲಿಯೂ ಇರುವುದು ಲೆಕ್ಕವೇ. ಆದರೆ ಮೈಕನ ತಂಗಿಯ ಕಡೆಯಿಂದ ಬರೆದ ಲೆಕ್ಕ.

ಚೋಮನ ಬಳಿ ಒಂದು ಜೊತೆ ಎತ್ತು ಇವೆ, ಉಳಲು ಗೇಣು ಭೂಮಿಯಿಲ್ಲ. ಬೇಸಾಯ ಮಾಡಬೇಕೆಂಬುದೊಂದೇ ಅವನ ಆಸೆ. ದಲಿತನಾದವನು ಬೇಸಾಯಗಾರನಾಗಕೂಡದೆಂಬುದು ಊರಿನ ಕಟ್ಟಳೆ. ಧಣಿ ಸಂಕಪ್ಪಯ್ಯ ಕೊಂಚ ಮೆದುವಾದರೂ ಮನೆಯ ಹಿರಿಯಾಕೆ ಬಿಡುವುದಿಲ್ಲ. ಇದರ ಮೇಲೆ ಕಾಫಿ ತೋಟದ ಹಳೆಯ ಸಾಲ. ಅದನ್ನು ತೀರಿಸಲು ಇಬ್ಬರು ಮಕ್ಕಳು ಗಟ್ಟ ಹತ್ತುತ್ತಾರೆ. ಚನಿಯ ಜ್ವರದಲ್ಲಿ ಸಾಯುತ್ತಾನೆ. ಗುರುವ ಮತಾಂತರವಾಗಿ ಅಲ್ಲಿಯೇ ನಿಲ್ಲುತ್ತಾನೆ. ಸಾಲ ಮಾತ್ರ ಎಲ್ಲಿಗೂ ಹೋಗುವುದಿಲ್ಲ! ಕೊನೆಗೆ ಮಗಳು ಬೆಳ್ಳಿ ಹೋಗಬೇಕಾಗುತ್ತದೆ. ಅವಳಿಂದ ಆ ತೋಟ ಏನನ್ನು ವಸೂಲು ಮಾಡಿತೆಂಬುದನ್ನು ಬರೆಯಲು ಯಾವ ಖಾತೆ ಪುಸ್ತಕದಲ್ಲೂ ಅಂಕಣವಿಲ್ಲ. ಕಿರಿಯ ಮಗ ನೀಲ ಹೊಳೆಯಲ್ಲಿ ಮುಳುಗುವಾಗ ದಡದಲ್ಲಿ ಜನರಿದ್ದಾರೆ, ಮುಟ್ಟಿದರೆ ಮೈಲಿಗೆ.

ಮುಂಗಡ ಕೊಟ್ಟು ಕಟ್ಟಿಹಾಕುವ ಈ ವಿದ್ಯೆಯನ್ನು ನಮ್ಮಲ್ಲಿ ಎಷ್ಟು ಮಂದಿ ಕಂಡಿಲ್ಲ? ಕಾರಂತರು ಯಾವ ಪಕ್ಷದ ಧ್ವಜವನ್ನೂ ಹಿಡಿದು ಇದನ್ನು ಬರೆದವರಲ್ಲ. ಆದರೂ ಸಾಲದ ಹೊಟ್ಟೆಯೊಳಗೆ ಏನಿದೆಯೆಂದು ಹೊಕ್ಕು ನೋಡಿಬಂದರು. ಪಂಡಿತರು ಬರೆದ ವಿಮರ್ಶೆ ನೋಡಿದರೆ ದುಡಿ ಎಂದರೆ ಚೋಮನ ಆತ್ಮ, ಅಂತರಂಗದ ಮೊರೆ, ಇನ್ನೇನೇನೋ. ಇರಲಿ. ನನಗೆ ಕಂಡದ್ದಿಷ್ಟು: ನೇಗಿಲು ಹಿಡಿಯಲು ಬಿಡದ ಕೈಗೆ ಬಾರಿಸಲು ಉಳಿದದ್ದು ದುಡಿಯೊಂದೇ. ಭೂಮಿ ಸಿಕ್ಕಿದ್ದರೆ ಆ ಮನುಷ್ಯ ಅಷ್ಟು ಹೊತ್ತು ಬಾರಿಸುತ್ತಲೂ ಇರಲಿಲ್ಲ, ಹಾಗೆ ಬಾರಿಸುತ್ತ ಸಾಯುತ್ತಲೂ ಇರಲಿಲ್ಲ.

"ಅದು ಹಳೆಯ ಕಾಲ, ಈಗ ಕಾನೂನು ಬಂದಿದೆ" ಎನ್ನುವವರಿಗೆ ಒಂದು ಪ್ರಶ್ನೆ. ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿ 1974ರಲ್ಲಿ ಜಾರಿಗೆ ಬಂತು. ಗೇಣಿದಾರನಿಗೆ ಭೂಮಿ ಸಿಕ್ಕಿತು. ದೊಡ್ಡ ಕೆಲಸ, ನಾವು ಅಲ್ಲಗಳೆಯುವುದಿಲ್ಲ. ಆದರೆ ಚೋಮ ಗೇಣಿದಾರನೆ? ಅಲ್ಲ, ಜೀತದಾಳು. ಚೋಮ ಬದುಕಿದ್ದು ಅರ್ಜಿ ಹಿಡಿದು ಭೂನ್ಯಾಯ ಮಂಡಲಿಯ ಮುಂದೆ ನಿಂತಿದ್ದರೆ, ನಿನ್ನ ಹೆಸರು ಪಹಣಿಯಲ್ಲಿ ಎಲ್ಲಿದೆ ಎಂದು ಕೇಳಿ ಹೊರಗೆ ಕಳಿಸುತ್ತಿದ್ದರು. 1976ರ ಜೀತ ನಿರ್ಮೂಲನ ಕಾನೂನು ಅವನ ಸಾಲ ಹರಿಯುತ್ತಿತ್ತು, ಭೂಮಿ ಕೊಡುತ್ತಿರಲಿಲ್ಲ. 2020ರಲ್ಲಿ ಮತ್ತೊಂದು ತಿದ್ದುಪಡಿ ಬಂತು. ಬೇಸಾಯಗಾರನಲ್ಲದವನು ಬೇಸಾಯದ ಭೂಮಿ ಕೊಳ್ಳಕೂಡದೆಂದಿದ್ದ ತಡೆ ತೆಗೆದರು. ಬೇಸಾಯಗಾರನಾಗಲು ಚೋಮನಿಗೆ ಅಪ್ಪಣೆಯಿರಲಿಲ್ಲ. ಹಣವಂತನಿಗೆ ಈಗ ಬೇಸಾಯಗಾರನಾಗುವ ಅವಶ್ಯಕತೆಯೇ ಇಲ್ಲ! ಇದನ್ನು ಕಣ್ಣಿಗೆ ಕಟ್ಟಿಕೊಟ್ಟದ್ದು 1933ರ ಆ ತೆಳ್ಳಗಿನ ಪುಸ್ತಕ.

ಈಗ ನಮ್ಮವರ ಕಡೆಗೂ ಸ್ವಲ್ಪ ತಿರುಗೋಣ. ಎಡಪಂಥದ ಗೆಳೆಯರು ನಿರಂಜನರ 'ಚಿರಸ್ಮರಣೆ'ಯ ಹೆಸರು ಹೇಳದೆ ಭಾಷಣ ಮುಗಿಸುವುದಿಲ್ಲ. ಪುಸ್ತಕ ಬಿಚ್ಚಿ ಓದಿದವರೆಷ್ಟು ಮಂದಿಯೋ! ಕಯ್ಯೂರು ಆಗ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು; ಈಗ ಕೇರಳದ ಕಾಸರಗೋಡು ಜಿಲ್ಲೆಗೆ ಸೇರಿದೆ. 1941ರ ಮಾರ್ಚಿಯಲ್ಲಿ ರೈತರ ಮೆರವಣಿಗೆಗೆ ಸಿಕ್ಕ ಪೊಲೀಸ್ ಪೇದೆಯೊಬ್ಬ ಹೊಳೆಯಲ್ಲಿ ಸತ್ತ. ಆ ಮೊಕದ್ದಮೆಯಲ್ಲಿ ಅಪ್ಪು, ಚಿರುಕಂಡನ್, ಕುಂಞಂಬು ನಾಯರ್, ಅಬೂಬಕ್ಕರ್ ಎಂಬ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು. ಹೆಸರುಗಳನ್ನು ನೋಡಿ, ಹಿಂದೂ ಮುಸಲ್ಮಾನರಿಬ್ಬರೂ ಒಂದೇ ಹಗ್ಗಕ್ಕೆ ಹೋದರು. ಇದನ್ನು ಹಿಡಿದು 1955ರಲ್ಲಿ ಈ ಕಾದಂಬರಿ ಬಂತು.

ಓದುತ್ತ ಹಲವು ಕಡೆ ಗಂಟಲು ಕಟ್ಟಿತು. ಶಾಲೆಯ ಹುಡುಗರಾಗಿದ್ದ ಅಪ್ಪು, ಚಿರುಕಂಡ ತಮ್ಮ ಮೇಷ್ಟರ ಕೈಹಿಡಿದು ಲೋಕವನ್ನು ತಿಳಿಯುವ ಭಾಗವಂತೂ ಬಹಳ ಚೆನ್ನ. ಆದರೆ ನನ್ನದೊಂದು ಆಕ್ಷೇಪವಿದೆ. ಅಲ್ಲಿಯ ಜನ ಬಹಳ ಬೇಗ ಗಟ್ಟಿಯಾಗುತ್ತಾರೆ. ಮುಷ್ಕರದ ಮೂರನೆಯ ವಾರವನ್ನು ಕಂಡವರಿಗೆ ಗೊತ್ತು: ಅಕ್ಕಿಯ ಡಬ್ಬ ಬರಿದಾದಾಗ ಒಳ್ಳೆಯ ಕೆಲಸಗಾರನೂ ರಾತ್ರಿ ಮುಕದ್ದಮನ ಮನೆಯ ಬಾಗಿಲು ತಟ್ಟಿ ಬರುತ್ತಾನೆ, ಬೆಳಗ್ಗೆ ಎದುರಿಗೆ ಸಿಕ್ಕರೆ ತಲೆ ತಗ್ಗಿಸುತ್ತಾನೆ. ಅವನನ್ನು ಮತ್ತೆ ಒಳಗೆ ಕರೆದುಕೊಳ್ಳುವುದು ಹೇಗೆ? ಸಂಘಟನೆಯ ಕಷ್ಟವಾದ ಪಾಠ ಅದು. ಅದನ್ನು ಈ ಪುಸ್ತಕದಿಂದ ನಾನು ಬಯಸಿದಷ್ಟು ಕಲಿಯಲಾಗಲಿಲ್ಲ. ಹೀಗೆ ಹೇಳಿದ್ದಕ್ಕೆ ಒಬ್ಬ ಗೆಳೆಯರು "ನಮ್ಮ ಪುಸ್ತಕವನ್ನು ನೀವೇ ಹಳಿಯಬಹುದೇ?" ಎಂದು ಮುನಿಸಿಕೊಂಡರು. ನಮ್ಮದಾದ್ದರಿಂದಲೇ ಸರಿಯಾಗಿ ನೋಡಬೇಕು. ಬಾವುಟದ ಬಣ್ಣ ನೋಡಿ ಪುಸ್ತಕ ಮೆಚ್ಚುವುದಾದರೆ ಜಾತಿ ನೋಡಿ ಮೆಚ್ಚುವವರಿಗೂ ನಮಗೂ ಏನು ವ್ಯತ್ಯಾಸ?

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ದಪ್ಪ ಪುಸ್ತಕ. ಹೆಸರುಗಳ ಕಾಡಿನಲ್ಲಿ ನಾನು ಎರಡು ಸಲ ದಾರಿ ತಪ್ಪಿದೆ. ನೂಲುವ ಖಾತೆಯ ಗೆಳೆಯನೊಬ್ಬ ನಾಲ್ಕು ತಿಂಗಳು ಹಿಡಿದು ಅದನ್ನು ಓದಿ ಮುಗಿಸಿ, "ಗುತ್ತಿಯ ನಾಯಿ ಹೊಳೆಯಲ್ಲಿ ಹೋಯ್ತಲ್ಲ ಮೇಷ್ಟ್ರೇ, ಆವತ್ತು ಊಟ ಸೇರಲಿಲ್ಲ" ಎಂದ. ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಎಲ್ಲಿಯೂ ಓದಿಲ್ಲ. ಜೀತದ ಆಳು ತನ್ನ ಆಸೆ, ತನ್ನ ಹೆಣ್ಣು, ತನ್ನ ನಾಯಿ ಸಮೇತ ದೊಡ್ಡ ಪುಸ್ತಕದ ಹೆಬ್ಬಾಗಿಲಲ್ಲೇ ನಡೆದು ಬರುವುದು ಸಣ್ಣ ಸಂಗತಿಯಲ್ಲ.

ನಾ. ಡಿಸೋಜ ಅವರ 'ದ್ವೀಪ' ಚಿಕ್ಕದು. ಶರಾವತಿಯ ನೀರು ಏರುತ್ತಿದೆ, ಊರು ಖಾಲಿಯಾಗಿದೆ, ಗಣಪಯ್ಯ ನಾಗವೇಣಿಯರ ಮನೆ ಗುಡ್ಡದ ಮೇಲೆ ಒಂಟಿಯಾಗಿ ಉಳಿದಿದೆ. ಶರಾವತಿ ಯೋಜನೆಯಲ್ಲಿ ಸರ್ಕಾರಿ ನೌಕರಿ ಮಾಡಿದ ಲೇಖಕರೇ ಬರೆದದ್ದಾದ್ದರಿಂದ ನೀರಿನ ಲೆಕ್ಕ ತಪ್ಪುವುದಿಲ್ಲ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಈ ರಾಜ್ಯದ ಗಿರಣಿಗಳ ಕದಿರು ತಿರುಗಿಸಿದ ಕರೆಂಟಿನಲ್ಲಿ ಆ ಮುಳುಗಿದ ಮನೆಗಳ ಪಾಲಿದೆ. ಮಗ್ಗದ ಮುಂದೆ ನಿಂತವರು ಒಂದು ಸಲ ಓದಬೇಕು.

ಇನ್ನು ಇವನ್ನೆಲ್ಲ ಓದುವುದೆಲ್ಲಿ? ದಪ್ಪ ಕಾದಂಬರಿಯೊಂದನ್ನು ಕೊಳ್ಳಹೋದರೆ ಒಂದು ದಿನದ ಕೂಲಿ ಹೋಗುತ್ತದೆ. ಅದಕ್ಕೆಂದೇ 1965ರ ಸಾರ್ವಜನಿಕ ಗ್ರಂಥಾಲಯ ಕಾನೂನು ಇದೆ. ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 6ರಂತೆ ಗ್ರಂಥಾಲಯ ಕರ ವಸೂಲಾಗುತ್ತದೆ. ಅಂಗಡಿಯವರೇ, ನಿಮ್ಮ ತೆರಿಗೆ ರಸೀದಿ ತೆಗೆದು ನೋಡಿ. ಬಾಡಿಗೆ ವಠಾರದ ಕೆಲಸಗಾರನೂ ಬಾಡಿಗೆಯ ಮೂಲಕ ಅದನ್ನು ಕಟ್ಟುತ್ತಿದ್ದಾನೆ. ವಸೂಲು ಮಾಡಿದ ಹಣವನ್ನು ಸ್ಥಳೀಯ ಸಂಸ್ಥೆಗಳು ಗ್ರಂಥಾಲಯ ಇಲಾಖೆಗೆ ದಾಟಿಸದೆ ಬಾಕಿ ಉಳಿಸಿಕೊಂಡ ಸುದ್ದಿ ರಾಜಧಾನಿಯಿಂದಲೇ ಎಷ್ಟು ಸಲ ಬಂದಿಲ್ಲ? ಪುಸ್ತಕ ಆರಿಸುವ ಸಮಿತಿಯಲ್ಲಿ ಸಾಹಿತಿಗಳಿರುತ್ತಾರೆ, ಅಧಿಕಾರಿಗಳಿರುತ್ತಾರೆ. ಓದುಗನಿಗೆ ಒಂದು ಕುರ್ಚಿ ಯಾಕಿಲ್ಲ? ಕರ ಕಟ್ಟಲು ಯೋಗ್ಯನಾದವನು ಪುಸ್ತಕ ಆರಿಸಲು ಅಯೋಗ್ಯನೆ?

ನಮ್ಮ ಊರಿನ ವಾಚನಾಲಯ ಮೊದಲ ಪಾಳಿಯವನು ಕೈಕಾಲು ತೊಳೆದು ಬರುವಷ್ಟರಲ್ಲಿ ಮುಚ್ಚುವ ತಯಾರಿಯಲ್ಲಿರುತ್ತದೆ. ಎರಡನೆಯ ಪಾಳಿಯವನಿಗೆ ಬೆಳಗಿನ ಹೊತ್ತೇ ಗತಿ, ಆಗ ತೆರೆಯುವುದು ತಡ. ರಾತ್ರಿ ಒಂಬತ್ತರವರೆಗೆ ತೆರೆದಿಡಬೇಕು, ಇಲ್ಲಿ ಹೇಳಿದ ನಾಲ್ಕು ಕನ್ನಡ ಪುಸ್ತಕಗಳ ಎರಡೆರಡು ಪ್ರತಿ ತರಿಸಬೇಕು, ಕರದ ಬಾಕಿಯೆಷ್ಟೆಂದು ಫಲಕದ ಮೇಲೆ ಬರೆದು ಹಾಕಬೇಕು ಎಂದು ಮನವಿಯೊಂದನ್ನು ಬರೆದಿದ್ದೇನೆ. ಸಂಘದ ಕಚೇರಿಯಲ್ಲಿ ಶನಿವಾರದವರೆಗೆ ಇರುತ್ತದೆ. ಸಹಿ ಹಾಕಲು ಬರುವವರು ತಾವು ಇತ್ತೀಚೆಗೆ ಓದಿದ ಪುಸ್ತಕದ ಹೆಸರನ್ನೂ, ಅದು ಹೇಗಿತ್ತೆಂಬುದನ್ನೂ ಪಕ್ಕದಲ್ಲಿ ಎರಡು ಸಾಲು ಬರೆಯಿರಿ. ಕಿರಾಣಿ ಅಂಗಡಿ ಯಜಮಾನರು ಈಗಾಗಲೇ ಸಹಿ ಹಾಕಿದ್ದಾರೆ; ಹೊಗಳಿ ಬರೆದಿರುವುದು ಮಾತ್ರ ಅದೇ ಶ್ರೀಮಂತ ತಂದೆಯ ಪುಸ್ತಕವನ್ನು.