ಅಗ್ಗದ ಸರ್ವರಿಗೆ ಮೇವೆಷ್ಟು?

ಮುದಿ ಎತ್ತು ಅಗ್ಗಕ್ಕೆ ಸಿಕ್ತು ಅಂತ ಹೊಡ್ಕೊಂಡು ಬಂದವನಿಗೆ ಹುಲ್ಲು ಹಾಕುವಾಗ ಬುದ್ಧಿ ಬರುತ್ತೆ. ಹಳೇ ಸರ್ವರ್ ಕೊಳ್ಳೋದೂ ಹಾಗೇ. ಕೊಳ್ಳಬೇಡಿ ಅಂತಲ್ಲ, ನಾನೇ ಒಂದು ಇಟ್ಟುಕೊಂಡಿದ್ದೇನೆ. ಎಂಥದ್ದನ್ನು ಕೊಳ್ಳಬೇಕು ಅನ್ನೋದಷ್ಟೇ ನನ್ನ ಮಾತು.

ಸರ್ವರ್ ಅಂದ್ರೆ ಹೆದರುವಂಥದ್ದೇನಲ್ಲ. ಮನೆಯವರ ಫೋನುಗಳು ಕೊಟ್ಟದ್ದನ್ನು ಇಟ್ಟುಕೊಂಡು, ಕೇಳಿದಾಗ ತೆಗೆದು ಕೊಡುವ ಕಂಪ್ಯೂಟರ್. ಕಣಜ ಇದ್ದ ಹಾಗೆ.

ರೈತನಿಗೆ ಇದ್ಯಾಕೆ ಅಂತ ಕೇಳಬಹುದು. 2000ದ ಸುಮಾರಿಗೆ ‘ಭೂಮಿ’ ಯೋಜನೆಯಲ್ಲಿ ನಮ್ಮ ಪಹಣಿಗಳು ಸರ್ಕಾರದ ಕಂಪ್ಯೂಟರಿಗೆ ಹೋದವು. ಅದನ್ನು ಅವರು ಕಾಯ್ತಾರೆ. ಆದರೆ ಆನೆ ತುಳಿದ ಜೋಳದ ಚಿತ್ರ, ಮಳೆ ಲೆಕ್ಕ, ಬೀಜ ಗೊಬ್ಬರದ ಬಿಲ್ಲು ಇವನ್ನೆಲ್ಲ ಕಾಯುವವರು ಯಾರು? ನಮ್ಮ ಬೆಳಗೋಡು ಕಡೆ ಆನೆ ಬರೋದು ಹೊಸದಲ್ಲ. ಒಂದು ಸಲ ಬೆಳಗಾಗೆದ್ದು ಚಿತ್ರ ತೆಗೆದಿದ್ದೆ. ಪರಿಹಾರಕ್ಕೆ ಅರ್ಜಿ ಕೊಡೋದರೊಳಗೆ ಫೋನು ಕೆರೆಗೆ ಬಿತ್ತು. ಮೂರು ವರ್ಷದ ಮಳೆ ಲೆಕ್ಕವೂ ಅದರ ಜೊತೆಗೇ ಹೋಯ್ತು. ಹೊಲ ಉತ್ತಾಗಿತ್ತು. ಸಾಕ್ಷಿ ಎಲ್ಲಿಂದ ತರಲಿ?

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಳೇ ಕಂಪ್ಯೂಟರ್ ಅಂಗಡಿಗಳಿವೆ. ಕಂಪನಿಗಳು ಬಿಟ್ಟ ದೊಡ್ಡ ಸರ್ವರ್ ನೋಡಿ ನನಗೂ ಆಸೆಯಾಯ್ತು. ಆದರೆ ಲೆಕ್ಕ ಹಾಕಿ. ಅಂಥದ್ದು ಸುಮ್ಮನೆ ಕೂತರೂ 150 ವ್ಯಾಟ್ ತಿಂದರೆ ದಿನಕ್ಕೆ 3.6 ಯೂನಿಟ್, ತಿಂಗಳಿಗೆ 108. 2023ರಲ್ಲಿ ಬಂದ ಗೃಹಜ್ಯೋತಿಗೆ 200 ಯೂನಿಟ್ಟಿನ ಮಿತಿ ಇದೆ, ಅದರೊಳಗೂ ನಮ್ಮ ಹಳೇ ಸರಾಸರಿ ಬಳಕೆಯ ಮೇಲೆ ಸ್ವಲ್ಪವೇ ಬಿಡುವು. ಸಣ್ಣ ಮನೆಯವರಿಗೆ ಬಿಲ್ಲು ತಪ್ಪಿದ್ದಲ್ಲ. ಸದ್ದು ಬೇರೆ, ಹಿಟ್ಟಿನ ಗಿರಣಿ ಥರ.

ಹಾಗಾಗಿ ಆಫೀಸಿನವರು ಬಿಟ್ಟ, ಪುಸ್ತಕದಷ್ಟು ಗಾತ್ರದ ಸಣ್ಣ ಕಂಪ್ಯೂಟರ್ ತಂದೆ. ಆರು ಸಾವಿರ ಆಯ್ತು. 15 ವ್ಯಾಟ್ ಅಂತ ಹಿಡಿದರೆ ಹಗಲೂ ರಾತ್ರಿ ಓಡಿದ್ರೂ ತಿಂಗಳಿಗೆ 11 ಯೂನಿಟ್. ನಾನು ಸಂಜೆ ಎರಡು ತಾಸು ಮಾತ್ರ ಹಾಕ್ತೀನಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ದುರಸ್ತಿ ನಿಂತಿತು. ಹೊಸ ವಿಂಡೋಸ್ ಹಿಡಿಸದ ಎಷ್ಟೋ ಮಿಷನ್ನುಗಳಿಗೆ ಆಫೀಸಿನಲ್ಲಿ ಬೆಲೆ ಇಲ್ಲ. ನಮಗೆ ಅದೇ ಸಾಕು. ಡೆಬಿಯನ್ ಅನ್ನೋ ಲಿನಕ್ಸ್ ಪುಕ್ಕಟೆ, ಕನ್ನಡದಲ್ಲೇ ಹಾಕ್ಕೋಬಹುದು. ಅದರೊಳಗೆ ಸಾಂಬಾ ಅನ್ನೋ ಪ್ರೋಗ್ರಾಂ ಹಾಕಿದರೆ ಮನೆಯ ವೈಫೈನಲ್ಲಿ ಫೋನಿನಿಂದ ಚಿತ್ರ ಕಳಿಸಬಹುದು. ಇಂಟರ್ನೆಟ್ ಇಲ್ಲದ ದಿನವೂ ನಡೆಯುತ್ತೆ. ಹೊರಗಿನ ಇಂಟರ್ನೆಟ್ಟಿಗೆ ಮಾತ್ರ ಬಾಗಿಲು ತೆಗೀಬೇಡಿ. ನಾನು ಓದಿದ್ದು ಏಳನೇ ಕ್ಲಾಸು. ಅಣ್ಣನ ಮಗ ಒಂದು ಭಾನುವಾರ ಕೂತು ತೋರಿಸಿಕೊಟ್ಟ, ಈಗ ನಾನೇ ಮಾಡ್ಕೋತೀನಿ.

ಮಿಷನ್ ಹಳೇದಾಗಲಿ, ಡಿಸ್ಕ್ ಮಾತ್ರ ಹೊಸದೇ ಹಾಕಿ. ಅಲ್ಲೇ ಜುಗ್ಗತನ ಮಾಡಿದರೆ ಎಲ್ಲಾ ಹೋಯ್ತು. ಕರೆಂಟ್ ಫಟ್ ಅಂತ ಹೋದರೆ ಬರೆದದ್ದು ಕೆಡಬಹುದು, ಸಣ್ಣ ಯುಪಿಎಸ್ ಬೇಕು. ಏಪ್ರಿಲ್-ಮೇ ತಿಂಗಳ ಗುಡುಗಿಗೆ ಕರೆಂಟಿನ ಪ್ಲಗ್ಗಿನ ಜೊತೆ ನೆಟ್ಟಿನ ತಂತಿಯನ್ನೂ ಕಿತ್ತಿಡಿ. ಸಿಡಿಲು ಅದರಲ್ಲೂ ಬರುತ್ತೆ.

ಇಷ್ಟಾದ್ರೂ ಒಂದೇ ಕಡೆ ನಂಬಿ ಕೂರಬೇಡಿ. ಬಿತ್ತನೆ ಬೀಜವನ್ನೆಲ್ಲ ಒಂದೇ ಮಡಕೆಯಲ್ಲಿ ಇಡ್ತೀವಾ? ತಿಂಗಳಿಗೊಮ್ಮೆ ಇನ್ನೊಂದು ಡಿಸ್ಕಿಗೆ ನಕಲು ಮಾಡಿ ತಂಗಿ ಮನೆಯಲ್ಲಿಡ್ತೀನಿ. ಆ ಎರಡನೇ ಡಿಸ್ಕಿಗೆ ದುಡ್ಡು ಸಾಲದಿದ್ದರೆ ಸರ್ವರನ್ನೇ ಬಿಡಿ, ಎರಡು ಡಿಸ್ಕ್ ಕೊಳ್ಳಿ.

ನಾಲ್ಕೈದು ಮನೆಯವರು ಸೇರಿ ಒಂದು ಇಟ್ಟುಕೊಂಡರೆ ಖರ್ಚು ಇನ್ನೂ ಹಗುರ. ಯಾರಾದ್ರೂ ಹಾಗೆ ಮಾಡಿದ್ದರೆ ಪತ್ರಿಕೆಗೆ ಬರೆಯಿರಿ. ಕೆಟ್ಟಿದ್ದರೆ ಅದನ್ನೂ ಬರೆಯಿರಿ.