ಪರದೆಯ ಹಿಂದಿನ ಟ್ರಂಪೆಟ್

ಮೊನ್ನೆ ಶನಿವಾರ ಅಕ್ಕನ ಮನೆಗೆ ಊಟಕ್ಕೆ ಹೋಗಿದ್ದೆ. ಅಕ್ಕ ಅಂದ್ರೆ ನಮ್ಮ ದೊಡ್ಡಮ್ಮನ ಮಗಳು, ಡಾಲಸ್‌ಗೆ ಬಂದು ಹದಿನೈದು ವರ್ಷ ದಾಟಿದೆ. ಬಿಸಿಬೇಳೆಬಾತಿನ ಆಸೆಗೆ ಹೋದವನಿಗೆ ಬಾಗಿಲಲ್ಲೇ ಗೊತ್ತಾಯ್ತು, ಮನೆಯಲ್ಲಿ ಏನೋ ಆಗಿದೆ ಅಂತ. ಭಾವ ಮಾತಾಡ್ತಿಲ್ಲ. ಅಕ್ಕನ ಮಗ ರೂಮಿನಿಂದ ಹೊರಗೇ ಬಂದಿಲ್ಲ.

"ಏನಾಯ್ತಕ್ಕ?" ಅಂದೆ.

"ಬ್ಯಾಂಡ್ ಲಿಸ್ಟ್ ಬಂತು ಕಣೋ. ಇವನನ್ನ ಆಲ್ಟರ್ನೇಟ್ ಮಾಡಿದಾರೆ. ಬೇಸಿಗೆಯೆಲ್ಲಾ ಆ ಬಿಸಿಲಲ್ಲಿ ಬೆಂದಿದ್ದೇ ಬಂತು."

ನನಗೆ ಮೊದಲು ನಗು ಬಂತು. ಇಷ್ಟಕ್ಕೆಲ್ಲಾ ಮನೆಯವರೆಲ್ಲ ಮುಖ ಸಪ್ಪೆ ಮಾಡ್ಕೊಂಡು ಕೂರೋದಾ ಅಂತ. ಆಮೇಲೆ ಅಕ್ಕ ಎಲ್ಲಾ ಬಿಡಿಸಿ ಹೇಳಿದ ಮೇಲೆ ನಗು ಎಲ್ಲಿ ಹೋಯ್ತೋ ಗೊತ್ತಿಲ್ಲ.

ಟೆಕ್ಸಸ್‌ನಲ್ಲಿ ಹೈಸ್ಕೂಲ್ ಬ್ಯಾಂಡ್ ಅಂದ್ರೆ ನಮ್ಮಲ್ಲಿ ಆಗಸ್ಟ್ 15ಕ್ಕೆ ಒಂದು ವಾರ ಮುಂಚೆ ಪೆಟ್ಟಿಗೆಯಿಂದ ಡ್ರಮ್ ತೆಗೆಯೋ ಥರ ಅಲ್ಲ. ಅದೊಂದು ವಿಷಯ. ಗಣಿತ, ಇತಿಹಾಸದ ಹಾಗೆ ದಿನಾ ಕ್ಲಾಸು, ಅಂಕ ಎಲ್ಲಾ ಉಂಟು. ಮಾರ್ಚಿಂಗ್ ಮಾಡಿದರೆ ಪಿ.ಟಿ. ಕ್ಲಾಸಿಗೆ ಬದಲಾಗಿ ಅದನ್ನೇ ಲೆಕ್ಕಕ್ಕೆ ಹಿಡಿಯಬಹುದು. ಬೇರೆ ವಿಷಯದಲ್ಲಿ ಫೇಲಾದರೆ ಸ್ಪರ್ಧೆಗೆ ಇಳಿಯೋ ಹಾಗಿಲ್ಲ, 1984ರಲ್ಲಿ ಬಂದ ಕಾನೂನು ಅದು. ಶುಕ್ರವಾರ ರಾತ್ರಿ ಫುಟ್‌ಬಾಲ್ ಪಂದ್ಯದ ಮಧ್ಯದ ವಿರಾಮದಲ್ಲಿ ಮೈದಾನ ಪೂರ್ತಿ ಇವರದ್ದೇ.

ಈ ಬ್ಯಾಂಡಿನೊಳಗೆ ಎರಡು ಪರೀಕ್ಷೆ. ಒಂದು ನುಡಿಸೋದು: ಸ್ಕೇಲುಗಳು (ನಮ್ಮ ಸರಳೆ ವರಸೆ ಅಂದ್ಕೊಳ್ಳಿ), ಮೊದಲೇ ಕೊಟ್ಟು ಕಲಿಯೋಕೆ ಬಿಟ್ಟ ಒಂದು ಪಾಠ, ಆಮೇಲೆ ಅಲ್ಲೇ ಕೈಗೆ ಕೊಟ್ಟ ಹೊಸ ಹಾಳೆಯನ್ನ ನೋಡಿ ನುಡಿಸೋದು. ಇದರ ಮೇಲೆ ಯಾರು ಫಸ್ಟ್ ಟ್ರಂಪೆಟ್, ಯಾರು ಸೆಕೆಂಡ್, ಯಾರು ಥರ್ಡ್ ಅಂತ ಪಾರ್ಟು ಸಿಗುತ್ತೆ. ಇನ್ನೊಂದು ನಡೆಯೋದು. 5 ಗಜಕ್ಕೆ 8 ಹೆಜ್ಜೆ, ಅಂದ್ರೆ ಒಂದೊಂದು ಹೆಜ್ಜೆಯೂ ಸರಿಯಾಗಿ 22.5 ಇಂಚು. ವಾದ್ಯ ಅಲುಗಬಾರದು, ಸಾಲು ಸೊಟ್ಟ ಆಗಬಾರದು, ಬಾಯಲ್ಲಿ ಊದ್ತಾನೇ ಇರಬೇಕು. ಮೈದಾನದಲ್ಲಿ ಪ್ರತಿಯೊಬ್ಬರಿಗೂ ಒಂದು ಚುಕ್ಕಿ ಇರುತ್ತೆ. ನಮ್ಮ ಹುಡುಗನಿಗೆ ಚುಕ್ಕಿ ಸಿಗಲಿಲ್ಲ. ಇನ್ನೊಬ್ಬ ಹುಡುಗನ ಚುಕ್ಕಿಯನ್ನ ಇವನೂ ಕಲಿತು ಪಕ್ಕದಲ್ಲಿ ನಿಂತಿರಬೇಕು. ಆ ಹುಡುಗನಿಗೆ ಜ್ವರ ಬಂದರೆ ಇವನ ಪಾಳಿ!

ಅಕ್ಕನ ವಾದ, "ಇದೆಲ್ಲಾ ಮೊದಲೇ ನಿರ್ಧಾರ ಆಗಿರುತ್ತೆ. ಅಣ್ಣ ಅಕ್ಕ ಬ್ಯಾಂಡಲ್ಲಿ ಇದ್ದವರಿಗೆ ಸಿಗುತ್ತೆ."

ಇರಬಹುದು, ಇಲ್ಲದೇ ಇರಬಹುದು. ಆದ್ರೆ ಇದೇ ರಾಜ್ಯದಲ್ಲಿ ಬೇರೆ ಬೇರೆ ಶಾಲೆಗಳ ಮಕ್ಕಳನ್ನ ಸೇರಿಸಿ ಆಲ್ ರೀಜನ್ ಬ್ಯಾಂಡಿಗೆ ಆರಿಸೋ ರೀತಿ ನೋಡಿ. ರಾಜ್ಯದ ಎಲ್ಲರಿಗೂ ಅದೇ ಪಾಠಗಳು, ಬೇಸಿಗೆಯಲ್ಲೇ ಪ್ರಕಟ. ಪರೀಕ್ಷೆಯ ದಿನ ಮಕ್ಕಳಿಗೆ ಹೆಸರಿಲ್ಲ, ನಂಬರ್ ಮಾತ್ರ. ತೀರ್ಪುಗಾರರು ಪರದೆಯ ಹಿಂದೆ. ಹುಡುಗ ಬಾಯಿ ಬಿಟ್ಟು ಮಾತಾಡೋ ಹಾಗಿಲ್ಲ, ದನಿಯಿಂದ ಗುರುತು ಸಿಗಬಾರದು ನೋಡಿ. ದೊಡ್ಡ ಆರ್ಕೆಸ್ಟ್ರಾಗಳಿಂದ ಬಂದ ಪದ್ಧತಿ ಇದು. ಬಾಸ್ಟನ್ ಸಿಂಫನಿ 1952ರಲ್ಲೇ ಪರದೆ ಕಟ್ಟಿತ್ತು. ಪರದೆಯಿಂದ ಹೆಂಗಸರಿಗೆ ಅವಕಾಶ ಹೆಚ್ಚಿತು ಅಂತ ಗೋಲ್ಡಿನ್ ಮತ್ತು ರೌಸ್ 2000ದಲ್ಲಿ ಬರೆದ ಪ್ರಬಂಧ ತುಂಬಾ ಹೆಸರು ಮಾಡ್ತು. ಅದರ ಅಂಕಿಅಂಶ ಅಷ್ಟು ಗಟ್ಟಿಯಿಲ್ಲ ಅಂತ ಆಮೇಲೆ ತಕರಾರು ಎತ್ತಿದವರೂ ಇದ್ದಾರೆ. ಅದೇನೇ ಇರಲಿ, ಪರದೆ ಇದ್ದರೆ ಸೋತವನು ಮನೆಗೆ ಬಂದು "ನನ್ನ ಮುಖ ನೋಡಿ ಬಿಟ್ಟರು" ಅನ್ನೋ ಹಾಗಿಲ್ಲವಲ್ಲ. ನನಗೆ ಅಷ್ಟೇ ಸಾಕು.

ಯಾಕೆ ಗೊತ್ತಾ? ನಾನು ಏಳನೇ ಕ್ಲಾಸಲ್ಲಿದ್ದಾಗ ಸ್ಕೂಲ್ ಬ್ಯಾಂಡಿಗೆ ಸೈಡ್ ಡ್ರಮ್ ಬಾರಿಸೋಕೆ ಹುಡುಗರನ್ನ ಆರಿಸಿದರು. ಮನೆಯಲ್ಲಿ ಸ್ಟೀಲ್ ಡಬ್ಬ, ಬಕೆಟ್ ಎಲ್ಲಾ ಬಡಿದು ಅಮ್ಮನ ಹತ್ರ ಬೈಸಿಕೊಂಡು ರೆಡಿಯಾಗಿದ್ದೆ. ಮೇಷ್ಟ್ರು ಸಾಲಾಗಿ ನಿಲ್ಲಿಸಿದರು. ಎತ್ತರ ನೋಡಿದರು, ಕೆಳಗೆ ಬಿಳಿ ಕ್ಯಾನ್ವಾಸ್ ಶೂ ನೋಡಿದರು. "ನೀನು ಹಿಂದೆ ಹೋಗೋ" ಅಂದರು. ನನ್ನ ಕೈಗೆ ಕೋಲು ಸಿಗಲೇ ಇಲ್ಲ. ಇವತ್ತಿಗೂ ಮರೆತಿಲ್ಲ. ಇಂಟರ್‌ವ್ಯೂಗಳಲ್ಲಿ ಎಷ್ಟು ಕಡೆ ರಿಜೆಕ್ಟ್ ಆಗಿದೀನೋ ಲೆಕ್ಕ ಇಟ್ಟಿಲ್ಲ, ಅಲ್ಲೆಲ್ಲಾ ಕೋಡ್ ಬರೆಸಿಯಾದರೂ ನೋಡಿದರಲ್ಲ :)

ಹಾಗಂತ ಪರದೆಯೊಂದೇ ನ್ಯಾಯ ಅಂತಾನೂ ನಾನು ಹೇಳಲ್ಲ. ಪರದೆ ಮುಖ ಮುಚ್ಚುತ್ತೆ, ಅಪ್ಪನ ಜೇಬು ಮುಚ್ಚಲ್ಲ. ವಾರವಾರ ದುಡ್ಡು ಕೊಟ್ಟು ಮನೆಪಾಠ ಹೇಳಿಸಿಕೊಂಡ ಹುಡುಗನೂ, ಶಾಲೆಯ ಹಳೇ ವಾದ್ಯದಲ್ಲೇ ಕಲಿತ ಹುಡುಗಿಯೂ ಒಂದೇ ಪರದೆ ಎದುರು ನಿಲ್ತಾರೆ. ಕಿವಿಗೆ ಕೇಳೋದು ಫಲಿತಾಂಶ ಮಾತ್ರ.

ಇನ್ನೊಂದು ಮಾತು. ಥರ್ಡ್ ಪಾರ್ಟ್ ಅಂದ್ರೆ ಕಡೇ ದರ್ಜೆ ಅಂತ ಮಕ್ಕಳೂ ಅಪ್ಪ ಅಮ್ಮಂದಿರೂ ನಂಬಿಬಿಟ್ಟಿದ್ದಾರೆ. ತಂಬೂರಿ ಹಿಡಿದವರು ಶ್ರುತಿ ತಪ್ಪಿದರೆ ಕಚೇರಿ ಏನಾಗುತ್ತೆ? ಕೆಳಗಿನ ಸ್ವರ ಗಟ್ಟಿಯಿಲ್ಲದಿದ್ದರೆ ಮೇಲಿನದು ಕೀರಲು ಅಷ್ಟೇ. ಅದಕ್ಕೇ ಎಷ್ಟೋ ಬ್ಯಾಂಡ್ ಡೈರೆಕ್ಟರುಗಳು ಚೆನ್ನಾಗಿ ನುಡಿಸೋರನ್ನ ಮೂರೂ ಪಾರ್ಟಿಗೆ ಹಂಚ್ತಾರೆ. ಇದನ್ನ ಲಿಸ್ಟ್ ಹಾಕೋ ಮುಂಚೆ ಮಕ್ಕಳಿಗೆ ಬಿಡಿಸಿ ಹೇಳಬೇಕು.

ಇನ್ನು ಮಾರ್ಚಿಂಗ್ ಜಾಗ. ಇಲ್ಲಿ ಪರದೆ ಕಟ್ಟೋಕಾಗಲ್ಲ, ನಡಿಗೆಯನ್ನ ನೋಡಲೇಬೇಕು. ಒಬ್ಬ ಎರಡು ಹೆಜ್ಜೆ ತಪ್ಪಿದರೆ ಮೇಲೆ ಕೂತವರಿಗೆ ಇಡೀ ಚಿತ್ರ ಕೆಟ್ಟಂತೆ ಕಾಣುತ್ತೆ, ಪಕ್ಕದವನಿಗೆ ಡಿಕ್ಕಿಯೂ ಹೊಡೀಬಹುದು. ಆದ್ದರಿಂದ ಸ್ಪರ್ಧೆಗೆ ಚೆನ್ನಾಗಿ ನಡೆಯೋರನ್ನೇ ಇಳಿಸಲಿ, ಒಪ್ತೀನಿ. ಆದರೆ ಶುಕ್ರವಾರದ ಫುಟ್‌ಬಾಲ್ ಪಂದ್ಯದಲ್ಲಿ ತೀರ್ಪುಗಾರರು ಎಲ್ಲಿದ್ದಾರೆ? ಅಲ್ಲಿರೋದು ಅಪ್ಪ, ಅಮ್ಮ, ಪಾಪ್‌ಕಾರ್ನ್. ಆಲ್ಟರ್ನೇಟ್ ಹುಡುಗನಿಗೆ ಆ ಚುಕ್ಕಿ ಆಗಲೇ ಬಾಯಿಪಾಠ ಆಗಿರುತ್ತೆ. ಸೀಸನ್ನಿನಲ್ಲಿ ಎರಡು ಶುಕ್ರವಾರ ಅವನನ್ನ ಇಳಿಸಿದರೆ ಏನು ಗಂಟು ಹೋಗುತ್ತೆ? ಇದು ಕ್ಲಾಸು ಸ್ವಾಮಿ, ಕಂಪನಿ ಅಲ್ಲ. ಕಂಪನಿಯವರು ಬರೋರನ್ನ ಆರಿಸ್ತಾರೆ, ಮೇಷ್ಟ್ರು ಬರದವರಿಗೆ ಕಲಿಸ್ತಾರೆ.

ಮತ್ತೆ, ಬರೀ ಹೆಸರಿನ ಪಟ್ಟಿ ಅಂಟಿಸಿ ಕೈ ತೊಳ್ಕೊಳ್ಳೋದು ತಪ್ಪು. ಎಲ್ಲಿ ತಪ್ಪಿತು, ಲಯವಾ, ಉಸಿರಾ, ಹೆಜ್ಜೆಯಾ ಅಂತ ಅಂಕದ ಜೊತೆ ಎರಡು ಸಾಲು ಬರೆದು ಕೊಡಲಿ. ಅಕ್ಕನ ಅನುಮಾನಕ್ಕೂ ಅದೇ ಮದ್ದು.

ಊಟ ಆದ ಮೇಲೆ ಹುಡುಗನ ರೂಮಿಗೆ ಹೋದೆ. ಟ್ರಂಪೆಟ್ ಪೆಟ್ಟಿಗೆ ಮುಚ್ಚಿಟ್ಟು ಕೂತಿದ್ದ. ನನ್ನ ಕ್ಯಾನ್ವಾಸ್ ಶೂ ಕಥೆ ಹೇಳಿದೆ.

"ನೀನು ಡ್ರಮ್ ಬಾರಿಸೇ ಇಲ್ವಾ ಮಾಮ? ಒಂದ್ಸಲಾನೂ?"

"ಇಲ್ಲ ಕಣೋ."

ಸ್ವಲ್ಪ ಹೊತ್ತು ಸುಮ್ಮನಿದ್ದ. "ನನ್ನನ್ನ ಕೇಳಾದ್ರೂ ಕೇಳಿದ್ರು" ಅಂದ. ಆಮೇಲೆ ಪೆಟ್ಟಿಗೆ ತೆಗೆದ.

ನಿಮ್ಮ ಸ್ಕೂಲಲ್ಲಿ ಬ್ಯಾಂಡಿಗೆ ಹೇಗೆ ಆರಿಸ್ತಿದ್ರು? ಎತ್ತರ ನೋಡಿಯಾ, ಶೂ ನೋಡಿಯಾ, ಇಲ್ಲಾ ಬಾರಿಸಿದ್ದು ಕೇಳಿಯಾ? ಹೇಳಿ ನೋಡೋಣ.