ಕಥೆ ಮಾಸ್ಟರ್‌ನ ಪಿತ್ರಾರ್ಜಿತವಲ್ಲ

ಮೇಜಿನ ಸುತ್ತ ಕೂತು ಆಡುವ ರೋಲ್‌ಪ್ಲೇಯಿಂಗ್ ಆಟದಲ್ಲಿ ಕಥಾಲೋಕವೆಲ್ಲ ಆಟ ನಡೆಸುವ ಗೇಮ್ ಮಾಸ್ಟರ್‌ಗೆ ಸೇರಿದ್ದು, ಆಟಗಾರರು ತಂತಮ್ಮ ಪಾತ್ರದ ಕೈಕಾಲು ಆಡಿಸಿಕೊಂಡಿದ್ದರೆ ಸಾಕು ಎನ್ನುವ ಪಂಗಡವೊಂದಿದೆ. ಆಟಗಾರರಿಗೂ ಆ ಲೋಕದ ಮೇಲೆ ಒಂದಿಷ್ಟು ಹಕ್ಕಿರಲಿ ಎಂದು ಬಾಯಿ ಬಿಟ್ಟರೆ ಸಾಕು, ಆಕ್ಷೇಪಗಳು ಒಂದರ ಹಿಂದೊಂದು ಬರುತ್ತವೆ. ಕೆಲವಕ್ಕೆ ನಿಜಕ್ಕೂ ತೂಕವಿದೆ. ಉಳಿದವು ಯಾರೂ ಪ್ರಶ್ನಿಸಲಿಲ್ಲವೆಂದು ಉಳಿದುಕೊಂಡಂಥವು.

ಮೊದಲನೆಯದು ಚರಿತ್ರೆಯ ವಾದ. ಆಟ ಹುಟ್ಟಿದ್ದೇ ಮಾಸ್ಟರ್‌ನ ಪೂರ್ವಜನಾದ ರೆಫರಿಯ ಕೈಯಲ್ಲಿ, ಅವನ ಅಧಿಕಾರ ಮೊಟಕು ಮಾಡಿದರೆ ಬುಡಕ್ಕೇ ಕೊಡಲಿ ಹಾಕಿದಂತೆ ಎನ್ನುತ್ತಾರೆ. ಸಾಕ್ಷಿಗೆ ಪ್ರಷ್ಯಾ ಸೈನ್ಯದ ಯುದ್ಧದಾಟ ಕ್ರೀಗ್‌ಸ್ಪೀಲ್ ಬರುತ್ತದೆ. 1824ರಲ್ಲಿ ಅಲ್ಲಿನ ಅಧಿಕಾರಿ ರೈಸ್‌ವಿಟ್ಸ್ ಅದಕ್ಕೆ ವಿವರವಾದ ನಿಯಮಾವಳಿ ಕೊಟ್ಟ. 1876ರಲ್ಲಿ ವೆರ್ದಿ ದು ವೆರ್ನುವಾ ಕೋಷ್ಟಕಗಳನ್ನೆಲ್ಲ ಬದಿಗೆ ಸರಿಸಿ ಅನುಭವಿ ಅಧಿಕಾರಿಯ ವಿವೇಚನೆಯೇ ಸಾಕೆಂದ. ನಿಜ. ಆದರೆ ಆ ಅಧಿಕಾರಿ ತೀರ್ಮಾನ ಕೊಡುತ್ತಿದ್ದುದು ಯಾವುದರ ಮೇಲೆ? ಈ ತುಕಡಿ ಆ ಗುಡ್ಡ ಹತ್ತಲು ಎಷ್ಟು ಹೊತ್ತು ಹಿಡಿಯುತ್ತದೆ, ಎದುರಿನ ಫಿರಂಗಿಗೆ ಎಷ್ಟು ಜನ ಬೀಳುತ್ತಾರೆ ಎಂಬುದರ ಮೇಲೆ. ಯಾರು ಗೆದ್ದರೆ ಚೆನ್ನ ಎಂಬ ಆಸೆ ಅವನಿಗೆ ಇರುವಂತಿರಲಿಲ್ಲ, ಕಾಪಾಡಿಕೊಳ್ಳಲು ಕಥೆಯೂ ಇರಲಿಲ್ಲ.

ಅಲ್ಲಿಂದ ಮುಂದಿನ ಕೊಂಡಿಯನ್ನು ಈ ಪಂಗಡ ಹೇಳುವುದೇ ಇಲ್ಲ. ಅಮೆರಿಕದ ಸೈನ್ಯಾಧಿಕಾರಿ ಚಾರ್ಲ್ಸ್ ಟಾಟನ್ 1880ರಲ್ಲಿ ಪ್ರಕಟಿಸಿದ ‘ಸ್ಟ್ರಾಟೆಗೋಸ್’ ಎಂಬ ಯುದ್ಧದಾಟದ ಪುಸ್ತಕ ಮಿನೆಸೋಟದ ಯುದ್ಧದಾಟಗಾರ ಡೇವಿಡ್ ವೆಸ್ಲಿಯ ಕಣ್ಣಿಗೆ ಬಿತ್ತು. ಅದರಿಂದ ವೆಸ್ಲಿ ಎತ್ತಿಕೊಂಡದ್ದು ಇಷ್ಟು: ಆಟಗಾರ ಏನನ್ನು ಬೇಕಾದರೂ ಮಾಡಿನೋಡಬಹುದು, ಆಗುತ್ತದೋ ಇಲ್ಲವೋ ಹೇಳಲು ರೆಫರಿ ಇದ್ದಾನೆ. 1960ರ ದಶಕದ ಕೊನೆಗೆ ಅವನು ಬ್ರೌನ್‌ಸ್ಟೈನ್ ಎಂಬ ಕಾಲ್ಪನಿಕ ಜರ್ಮನ್ ಊರು ಕಟ್ಟಿ, ಸೇನಾಪತಿಗಳ ಜೊತೆಗೆ ಮೇಯರ್, ಬ್ಯಾಂಕರ್, ಕುಲಪತಿಯಂಥ ಪಾತ್ರಗಳನ್ನೂ ಹಂಚಿದ. ಒಬ್ಬೊಬ್ಬರನ್ನೇ ಬೇರೆ ಕೋಣೆಗೆ ಕರೆದು ನಡೆ ಕೇಳುವುದು ಅವನ ಲೆಕ್ಕಾಚಾರ. ಹೊರಗೆ ಕಾದಿದ್ದವರು ಅಷ್ಟರಲ್ಲಿ ತಮ್ಮತಮ್ಮಲ್ಲೇ ಗುಸುಗುಸು ಶುರುಮಾಡಿ ಸಂಚು ಹೂಡಿದರು. ಇಬ್ಬರು ಬಂದು ನಾವು ದ್ವಂದ್ವಯುದ್ಧಕ್ಕೆ ಇಳಿದಿದ್ದೇವೆ ಎಂದರು. ಅದಕ್ಕೆ ನಿಯಮವೇ ಇರಲಿಲ್ಲ, ವೆಸ್ಲಿ ನಿಂತ ನಿಲುವಿನಲ್ಲಿ ಒಂದನ್ನು ಹೊಸೆದ. ಆಟ ಕೆಟ್ಟುಹೋಯಿತೆಂದು ಅವನು ಅಂದುಕೊಂಡಿದ್ದರೆ ಆಟಗಾರರು ಮುಂದಿನದು ಯಾವಾಗ ಎಂದು ದುಂಬಾಲು ಬಿದ್ದರು. ಅದೇ ಬಳಗದ ಡೇವ್ ಆರ್ನೆಸನ್ ಆಮೇಲೆ ಬ್ಲ್ಯಾಕ್‌ಮೂರ್ ಎಂಬ ಕಾಲ್ಪನಿಕ ಲೋಕ ಕಟ್ಟಿದ, ಗ್ಯಾರಿ ಗೈಗ್ಯಾಕ್ಸ್ ಜೊತೆ ಸೇರಿ 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹೊರತಂದ. ರೆಫರಿಯ ಯೋಜನೆ ಕೈತಪ್ಪಿದ್ದರಿಂದಲೇ ಈ ಆಟ ಹುಟ್ಟಿತು. ಅವನಿಗೆ ಅಷ್ಟು ಅಧಿಕಾರ ಕೊಟ್ಟದ್ದೂ ಆಟಗಾರರ ಕೈ ಕಟ್ಟದಿರಲಿ ಎಂದೇ.

ಎರಡನೆಯದು ದಯೆಯ ವಾದ. ಆಟಗಾರರ ಖುಷಿಗಾಗಿ ಮಾಸ್ಟರ್ ತನ್ನ ಪರದೆಯ ಹಿಂದೆ ದಾಳವನ್ನು ಸ್ವಲ್ಪ ತಿದ್ದಿದರೆ ಏನು ಗಂಟು ಹೋಗುತ್ತದೆ? 1979ರ ‘ಡಂಜನ್ ಮಾಸ್ಟರ್ಸ್ ಗೈಡ್’ನಲ್ಲಿ ಗೈಗ್ಯಾಕ್ಸ್ ಸ್ವತಃ ಆ ಹಕ್ಕನ್ನು ಮಾಸ್ಟರ್‌ಗೆ ಕೊಟ್ಟಿದ್ದಾನಲ್ಲ? ಕೊಟ್ಟಿದ್ದಾನೆ. ಅದು ನಡೆಯುವ ಬಗೆಯನ್ನು ಹತ್ತಿರದಿಂದ ನೋಡಿ. ಮೊದಲ ಸೆಷನ್ನಿನಲ್ಲೇ ದ್ರೋಹಿ ಸಾಮಂತ ಉಪ್ಪರಿಗೆಯಲ್ಲಿ ನಿಂತು ಭಾಷಣ ಬಿಗಿಯುತ್ತಿದ್ದಾನೆ. ಆಟಗಾರ್ತಿ ಬಿಲ್ಲೆತ್ತುತ್ತಾಳೆ, ಇಪ್ಪತ್ತು ಮುಖದ ದಾಳ ಉರುಳಿ ಇಪ್ಪತ್ತೇ ಬೀಳುತ್ತದೆ, ಮೇಜು ಹೋ ಎನ್ನುತ್ತದೆ. ಮಾಸ್ಟರ್ ತನ್ನ ಟಿಪ್ಪಣಿ ನೋಡುತ್ತಾನೆ; ಈ ಸಾಮಂತ ಹತ್ತನೆಯ ಸೆಷನ್ನಿನವರೆಗೆ ಬದುಕಬೇಕು. ‘ಬಾಣ ನಾಟಿತು, ಆದರೆ ನಿಲುವಂಗಿಯ ಒಳಗೆ ಕವಚವಿತ್ತು’ ಎನ್ನುತ್ತಾನೆ. ಆ ಕವಚ ಮೂರು ಸೆಕೆಂಡಿನ ಹಿಂದೆ ಇರಲಿಲ್ಲ ಎಂಬುದು ಮೇಜಿಗೆ ಗೊತ್ತಾಗದೆ ಇರುವುದಿಲ್ಲ. ಮುಂದಿನ ಸಲ ಅವಳು ಬಿಲ್ಲೆತ್ತುವ ಮೊದಲು ಮಾಸ್ಟರ್‌ನ ಮುಖ ನೋಡುತ್ತಾಳೆ. ಇದರಲ್ಲಿ ದಯೆ ಯಾರ ಮೇಲೆ? ಸಾಮಂತನ ಮೇಲೆ. 1984ರಲ್ಲಿ ಶುರುವಾದ ಡ್ರ್ಯಾಗನ್‌ಲ್ಯಾನ್ಸ್ ಸಾಹಸಗಳಂತೂ ಇದನ್ನು ಅಚ್ಚಿನಲ್ಲೇ ಹೇಳಿದವು: ಮುಖ್ಯ ಪಾತ್ರ ಸತ್ತರೆ ಸಾವು ಅಸ್ಪಷ್ಟವಾಗಿರಲಿ, ಮುಂದೆ ಬೇಕಾದಾಗ ಎಬ್ಬಿಸಿಕೊಂಡು ಬರಬಹುದು. ಅಷ್ಟಾದರೂ ಪ್ರಾಮಾಣಿಕತೆ ಅಲ್ಲಿತ್ತು ಎನ್ನಿ.

ಕನ್ನಡದ ಮೇಜುಗಳಲ್ಲಿ ಕೊನೆಯನ್ನು ಮೊದಲೇ ಗೊತ್ತುಮಾಡುವ ಈ ಪದ್ಧತಿಗೆ ತಾಳಮದ್ದಳೆಯ ಆಸರೆ ಸಿಗುತ್ತದೆ. ಪ್ರಸಂಗದ ಪದ್ಯಗಳು ಸಿದ್ಧವಾಗಿವೆ, ಹಿಡಿತ ಭಾಗವತರದ್ದು, ಆದರೂ ಅರ್ಥಧಾರಿಗೆ ಸ್ವಾತಂತ್ರ್ಯ ಕಡಿಮೆಯಾಯಿತೇ ಎಂದು ಕೇಳುತ್ತಾರೆ. ಜಾಣ ಪ್ರಶ್ನೆ. ಆದರೆ ವಾಲಿ ಸಾಯುತ್ತಾನೆಂಬುದು ಅಲ್ಲಿ ವಾಲಿಯ ಅರ್ಥ ಹೇಳುವವರಿಗೂ ಗೊತ್ತು, ಮುಂದಿನ ಸಾಲಿನ ಅಜ್ಜನಿಗೂ ಗೊತ್ತು. ಸಾಯುವ ಮೊದಲು ರಾಮನನ್ನು ಹೇಗೆ ಕಟ್ಟಿಹಾಕುತ್ತಾನೆ ಎಂಬುದೇ ರಸ. ಕೊನೆ ಇಂಥದ್ದೆಂದು ಮೊದಲೇ ಹೇಳಿ ಆಡಿಸಿದರೆ ನನ್ನ ತಕರಾರಿಲ್ಲ. ತಕರಾರಿರುವುದು ದಾಳ ಕೈಗೆ ಕೊಟ್ಟು, ಕೊನೆಯನ್ನು ಪರದೆಯ ಹಿಂದೆ ಬಚ್ಚಿಟ್ಟುಕೊಳ್ಳುವುದರ ಬಗ್ಗೆ.

ಇನ್ನು ಗಟ್ಟಿ ಆಕ್ಷೇಪ: ಆಟಗಾರರೇ ಲೋಕವನ್ನು ಕಟ್ಟತೊಡಗಿದರೆ ಅದಕ್ಕೆ ತೂಕವೇ ಇರುವುದಿಲ್ಲ, ಬೀಗವೂ ಅವರದೇ ಕೀಲಿಯೂ ಅವರದೇ ಆದರೆ ಬಾಗಿಲು ತೆರೆಯುವುದರಲ್ಲಿ ಏನು ಸುಖ? ಇದನ್ನು ಒಪ್ಪುತ್ತೇನೆ. ತೊಡಕನ್ನೂ ಪರಿಹಾರವನ್ನೂ ಒಬ್ಬರೇ ಸೃಷ್ಟಿಸಿದರೆ ಆಟ ಸಪ್ಪೆ ಎಂಬುದು ಈ ಆಟಗಳನ್ನು ಬರೆಯುವವರ ನಡುವೆಯೇ ಹಳೆಯ ಮಾತು. ಅದರಿಂದ ಹೊರಡುವ ತೀರ್ಮಾನ ಮಾತ್ರ ಬೇರೆ: ಎರಡನ್ನೂ ಒಬ್ಬರಿಗೆ ಕೊಡಬೇಡಿ, ಮಾಸ್ಟರ್‌ಗೂ ಕೊಡಬೇಡಿ. ‘ಫೇಟ್’ ಆಟದಲ್ಲಿ ಬಂದರಿನಲ್ಲಿ ಬೆಳೆದ ಪಾತ್ರದವಳು ಒಂದು ಫೇಟ್ ಪಾಯಿಂಟ್ ತೆತ್ತು, ‘ಈ ಸುಂಕದಕಟ್ಟೆಯ ಕಾವಲುಗಾರ ನನ್ನ ಬೀದಿಯ ಹುಡುಗ’ ಎನ್ನಬಹುದು. ಮಾಸ್ಟರ್ ಹೂಂ ಎನ್ನುತ್ತಾನೆ: ‘ಗುರುತು ಹಿಡಿದ. ನಿಮ್ಮಣ್ಣ ತೆಗೆದುಕೊಂಡ ಸಾಲ ಇನ್ನೂ ಬಂದಿಲ್ಲ ಅನ್ನುತ್ತಿದ್ದಾನೆ.’ ಲೋಕ ಹಗುರವಾಯಿತೇ? ಹೆಸರಿಲ್ಲದೆ ಈಟಿ ಹಿಡಿದು ನಿಂತಿದ್ದವನಿಗೆ ಈಗ ಮುಖವಿದೆ, ಬಾಕಿಯೂ ಇದೆ.

ಪತ್ತೇದಾರಿಯ ವಿಷಯ ಬೇರೆ. ‘ಕಾಲ್ ಆಫ್ ಕ್ಥುಲು’ವಿನಂಥ ಆಟದಲ್ಲಿ ನೆಲಮಾಳಿಗೆಯಲ್ಲಿ ಏನಿದೆ ಎಂಬುದು ಮಾಸ್ಟರ್‌ಗೆ ಮಾತ್ರ ಗೊತ್ತಿರಬೇಕು, ಅಲ್ಲಿ ನಾನು ಎದುರು ಪಕ್ಷದ ಜೊತೆಗೇ ಕೂರುತ್ತೇನೆ. ‘ಬ್ರಿಂಡಲ್‌ವುಡ್ ಬೇ’ ಎಂಬ ಆಟ ಅದನ್ನೂ ಮುರಿದಿದೆ. ಕೊಲೆಗಾರ ಯಾರೆಂದು ಮೊದಲೇ ಗೊತ್ತುಪಡಿಸಿರುವುದಿಲ್ಲ, ಸುಳಿವು ಕೂಡಿಸಿ ಆಟಗಾರರು ಹೆಣೆದ ಊಹೆ ಸರಿಯೋ ಎಂದು ದಾಳ ಹೇಳುತ್ತದೆ. ಹಲವರಿಗೆ ಪ್ರಾಣ. ನನಗೆ ಅಷ್ಟಾಗಿ ರುಚಿಸಲಿಲ್ಲ.

ಮಾಸ್ಟರ್‌ಗೆ ನಿಯಮ ಹೇರುವುದು ಅವನನ್ನು ನಂಬದಂತೆ ಎಂಬ ಮುನಿಸೂ ಇದೆ. 2010ರ ‘ಅಪಾಕಲಿಪ್ಸ್ ವರ್ಲ್ಡ್’ನಲ್ಲಿ ಮಾಸ್ಟರ್ ದಾಳವನ್ನೇ ಮುಟ್ಟುವುದಿಲ್ಲ. ಆಟಗಾರರ ಎರಡು ದಾಳದ ಮೊತ್ತ ಹತ್ತು ಅಥವಾ ಅದಕ್ಕಿಂತ ಹೆಚ್ಚಾದರೆ ಅವರ ಇಷ್ಟ ನೆರವೇರುತ್ತದೆ, ಏಳರಿಂದ ಒಂಬತ್ತಾದರೆ ಏನಾದರೂ ತೆತ್ತು ಗೆಲ್ಲಬೇಕು, ಆರಕ್ಕಿಳಿದರೆ ಮಾಸ್ಟರ್‌ನ ಸರದಿ, ಅವನು ಏನು ಮಾಡಬಹುದೆಂಬುದಕ್ಕೂ ಪಟ್ಟಿಯಿದೆ. ಇದರಲ್ಲಿ ಅವಮಾನ ಕಂಡವರು ಕ್ರಿಕೆಟ್ ಅಂಪೈರ್‌ಗೆ ನಿಯಮಪುಸ್ತಕ ಕೊಟ್ಟದ್ದರಲ್ಲೂ ಕಾಣಬೇಕಾಗುತ್ತದೆ.

ವಾರವಿಡೀ ನಕ್ಷೆ ಬರೆದು ಬೆವರು ಸುರಿಸುವವನು ಮಾಸ್ಟರ್, ಆದ್ದರಿಂದ ಕಥೆ ಅವನದು ಎಂಬ ವಾದಕ್ಕೆ ಒಂದೇ ಮಾತು: ಅಷ್ಟು ಬೆವರಿಗೆ ಕಾದಂಬರಿಯೇ ಮುಗಿಯುತ್ತಿತ್ತು, ನಾಲ್ಕು ಜನರನ್ನು ಕರೆದದ್ದೇಕೆ?

ಕಡೆಯದಾಗಿ, ಕೊನೆಯ ಮಾತಿಗೊಬ್ಬ ಇಲ್ಲದಿದ್ದರೆ ಅರಾಜಕತೆ ಎಂಬ ಭಯ. ಜೇಸನ್ ಮಾರ್ನಿಂಗ್‌ಸ್ಟಾರ್ 2009ರಲ್ಲಿ ತಂದ ‘ಫಿಯಾಸ್ಕೊ’ದಲ್ಲಿ ಮಾಸ್ಟರೇ ಇಲ್ಲ, ಮೂರರಿಂದ ಐದು ಜನ ಆಡುತ್ತಾರೆ. ಸರದಿ ಬಂದವರು ದೃಶ್ಯ ಹೇಗೆ ಶುರುವಾಗಬೇಕೆಂದು ಹೇಳಬಹುದು, ಇಲ್ಲವೇ ಹೇಗೆ ಮುಗಿಯಬೇಕೆಂದು. ಒಂದನ್ನು ಆರಿಸಿಕೊಂಡರೆ ಇನ್ನೊಂದು ಉಳಿದವರ ಪಾಲು. ಮಾಸ್ಟರ್ ಇರುವ ಎಷ್ಟೋ ಮೇಜುಗಳಲ್ಲಿ ಶುರುವೂ ಮುಕ್ತಾಯವೂ ಒಬ್ಬನ ಕೈಯಲ್ಲೇ ಇವೆ. ಅರಾಜಕತೆಯ ದೂರು ಹೊತ್ತು ಬರುವವರು ಇದಕ್ಕೇನು ಹೆಸರಿಡುತ್ತಾರೋ ಹೇಳಲಿ.